ಧಾರವಾಡದಲ್ಲಿ ಜನಿಸಿದ ಪಾಳವಣಕರ ಬಾಳೂ

ಕೊಯ್ಲು ಮುಗಿದ ಗದ್ದೆಯಲ್ಲಿ ಮೂರು ಕೋಲು ನೆಟ್ಟು ಕ್ರಿಕೆಟ್ ಆಡುವ ನಾಯ್ಮಾರ್ಮೂಲೆಯ ಬಾಲಕರಿಗೆ ಇಂದಿನ ಆಟಗಾರರ ಹೆಸರುಗಳೆಲ್ಲ ಕಂಠಪಾಠ. ಭಾರತೀಯ ಕ್ರಿಕೆಟ್ಟಿನ ಮೊದಲ ಮಹಾ ಬೌಲರು ಧಾರವಾಡದಲ್ಲಿ ಹುಟ್ಟಿದವರೆಂಬುದನ್ನು ಬಲ್ಲವರಾದರೋ ವಿರಳ. ಆದುದರಿಂದ ಅವರ ಚರಿತ್ರೆಯನ್ನು ಸಂಗ್ರಹವಾಗಿ ವಾಚಕರ ಮುಂದಿಡುತ್ತಿದ್ದೇವೆ.

ಪಾಳವಣಕರ ಬಾಳೂ ಅವರು 1876ರಲ್ಲಿ ಚರ್ಮಕಾರ ಕುಟುಂಬವೊಂದರಲ್ಲಿ ಜನಿಸಿದರು. ಮನೆಮಾತು ಮರಾಠಿ. ತಂದೆಯವರಿಗೆ ಪುಣೆಯಲ್ಲಿ ಸೈನ್ಯಕ್ಕೆ ಸಂಬಂಧಿಸಿದ ನೌಕರಿ. ಬಾಳೂ ಅಲ್ಲಿನ ಪಾರಸಿಗಳ ಕ್ರಿಕೆಟ್ ಕ್ಲಬ್ಬಿನಲ್ಲಿ ತಿಂಗಳಿಗೆ 3 ರೂಪಾಯಿ ಸಂಬಳಕ್ಕೆ ಅಂಕಣ ಗುಡಿಸುವ ಕೆಲಸಕ್ಕೆ ಸೇರಿದರು. ಮುಂದೆ ಯೂರೋಪಿಯನರ ಪೂನಾ ಕ್ಲಬ್ಬಿನಲ್ಲಿ ಸಂಬಳ 4 ರೂಪಾಯಿಯಾಯಿತು. ಬಲೆ ಕಟ್ಟುವುದು, ಅಂಕಣಕ್ಕೆ ರೋಲರು ಎಳೆಯುವುದು, ದೊರೆಗಳ ಅಭ್ಯಾಸಕ್ಕೆ ಗಂಟೆಗಟ್ಟಲೆ ಚೆಂಡೆಸೆಯುವುದು ಅವರ ಪಾಲಿನ ಕೆಲಸ. ದಾಂಡು ಮಾತ್ರ ಅವರ ಕೈಗೆ ಬರಲಿಲ್ಲ. ಅದು ದೊರೆಗಳ ಸೊತ್ತು. ಗ್ರೇಗ್ ಎಂಬ ನಿಪುಣ ದಾಂಡಿಗನು ತನ್ನನ್ನು ಔಟ್ ಮಾಡಿದಾಗಲೆಲ್ಲ 8 ಆಣೆ ಕೊಡುತ್ತಿದ್ದನೆಂಬ ಪ್ರತೀತಿಯುಂಟು. ಹೀಗೆ ಎಡಗೈಯ ಆ ನಿಧಾನಗತಿಯ ಸ್ಪಿನ್ ಹದಗೊಂಡಿತು.

ಅವರ ಕೀರ್ತಿ ಕೇಳಿ ಪುಣೆಯ ಹಿಂದೂಗಳು ತಂಡಕ್ಕೆ ಸೇರಿಸಿಕೊಂಡರು. ಮೈದಾನದಲ್ಲಿ ಅವರು ಮುಟ್ಟಿದ ಚೆಂಡನ್ನು ಎಲ್ಲರೂ ಮುಟ್ಟುತ್ತಿದ್ದರು. ಚಹದ ವಿರಾಮದಲ್ಲಾದರೆ ಅವರಿಗೆ ಹೊರಗೆ, ಮಣ್ಣಿನ ಕುಡಿಕೆಯಲ್ಲಿ! ಚೆಂಡಿಗಿಲ್ಲದ ಮೈಲಿಗೆ ಬಟ್ಟಲಿಗೆ ಹೇಗೆ ಬಂದಿತೋ ನಾವರಿಯೆವು.

ಪ್ಲೇಗಿನ ಕಾಲದಲ್ಲಿ ಅವರು ಮುಂಬಯಿಗೆ ಹೋಗಿ, ಮುಂದೆ ರೈಲ್ವೆಯಲ್ಲಿ ಉದ್ಯೋಗ ಪಡೆದು, ಹಿಂದೂ ಜಿಮಖಾನಾ ಪರವಾಗಿ ಆಡಿದರು. 1906ರಲ್ಲಿ ಹಿಂದೂ ತಂಡವು ಯೂರೋಪಿಯನರನ್ನು 109 ಓಟಗಳಿಂದ ಸೋಲಿಸಿದಾಗ 8 ವಿಕೆಟುಗಳು ಬಾಳೂ ಅವರವು. 1911ರಲ್ಲಿ ಪಟಿಯಾಲಾ ಮಹಾರಾಜರ ನಾಯಕತ್ವದ ಅಖಿಲ ಭಾರತ ತಂಡದೊಡನೆ ಇಂಗ್ಲೆಂಡಿಗೆ ತೆರಳಿದರು. ತಂಡ ಪಂದ್ಯಗಳನ್ನು ಸೋಲುತ್ತ ಹೋದರೂ ಬಾಳೂ 100ಕ್ಕೂ ಮಿಕ್ಕಿ ವಿಕೆಟುಗಳನ್ನು ಕಿತ್ತರು.

ಇಂತಹವರಿಗೆ ಹಿಂದೂ ತಂಡದ ನಾಯಕ ಪದವಿ ಮಾತ್ರ ವರ್ಷ ವರ್ಷವೂ ತಪ್ಪುತ್ತಲೇ ಬಂದಿತು. ನಾಯಕರಾಗಿದ್ದ ಎಂ. ಡಿ. ಪೈಯವರೇ ಆ ಗೌರವವು ಬಾಳೂ ಅವರಿಗೆ ಸಲ್ಲಬೇಕಾಗಿತ್ತೆಂದು ಸಭೆಯಲ್ಲಿ ನುಡಿದರು. 1920ರಲ್ಲಿ ಪೈಯವರು ಅಸ್ವಸ್ಥರಾದಾಗ ಬಾಳೂ ಅವರನ್ನು ತಂಡದಿಂದಲೇ ಕೈಬಿಟ್ಟು ದೇವಧರರನ್ನು ನಾಯಕರನ್ನಾಗಿ ಮಾಡಲಾಯಿತು. ತಮ್ಮಂದಿರಾದ ವಿಠಲ, ಶಿವರಾಮರು ಪ್ರತಿಭಟಿಸಿ ಹಿಂದೆ ಸರಿದರು. ಮುಂದಿನ ಪಂದ್ಯಕ್ಕೆ ಆಡಳಿತದವರು ಮಣಿದು ಬಾಳೂ ಅವರನ್ನು ಉಪನಾಯಕರನ್ನಾಗಿ ನೇಮಿಸಿದರು. ಪೈಯವರು ಕೆಲಹೊತ್ತು ಮೈದಾನದಿಂದ ಹೊರನಡೆದು ನಾಯಕತ್ವವನ್ನು ಅವರಿಗೆ ಬಿಟ್ಟುಕೊಟ್ಟರು. ಬಾಳೂ ಅವರಿಗೆ ದೊರೆತ ನಾಯಕತ್ವ ಅಷ್ಟೇ. ಪೂರ್ಣ ಪದವಿ 1923ರಲ್ಲಿ ವಿಠಲರಿಗೆ ಬಂದಿತು. ಆ ವರ್ಷ ಹಿಂದೂ ತಂಡ ಯೂರೋಪಿಯನರನ್ನು ಸೋಲಿಸಿತು.

ತಾರುಣ್ಯದಲ್ಲಿ ಡಾ. ಅಂಬೇಡ್ಕರರು ಬಾಳೂ ಅವರ ಅಭಿಮಾನಿಗಳಾಗಿದ್ದರು. 1932ರ ಪುಣೆ ಒಪ್ಪಂದಕ್ಕೆ ಇಬ್ಬರೂ ಸಹಿ ಹಾಕಿದರು. 1937ರ ಮುಂಬಯಿ ವಿಧಾನಸಭಾ ಚುನಾವಣೆಯಲ್ಲಿ ಅವರು ಕಾಂಗ್ರೆಸ್ಸಿನ ಪರವಾಗಿ ಅದೇ ಅಂಬೇಡ್ಕರರ ಎದುರು ನಿಂತು ಪರಾಭವಗೊಂಡರು. 1955ರ ಜುಲೈಯಲ್ಲಿ ಮುಂಬಯಿಯಲ್ಲಿ ದೈವಾಧೀನರಾದರು.