ಸಮಾನ ಕೆಲಸಕ್ಕೆ ಸಮಾನ ವೇತನ: ಕಾರ್ಮಿಕರ ಅಂಬೇಡ್ಕರ್

ಡಾ. ಬಿ.ಆರ್. ಅಂಬೇಡ್ಕರ್ ಎಂದರೆ ಸಂವಿಧಾನ ಎಂದು ಚಿಕ್ಕಂದಿನಿಂದಲೂ ಓದಿದ್ದೇವೆ. ಅವರು ಕಾಮರ್ಸ್ ಕಾಲೇಜಿನಲ್ಲಿ ಪಾಠ ಮಾಡಿದವರು, ದೇಶದ ಕಾರ್ಮಿಕ ಖಾತೆ ನೋಡಿಕೊಂಡವರು ಎಂಬುದು ನಮ್ಮಲ್ಲಿ ಅನೇಕರಿಗೆ ಗೊತ್ತಿಲ್ಲ. ವಾಣಿಜ್ಯ ವಿಭಾಗದ ವಿದ್ಯಾರ್ಥಿಯಾದ ನನಗೆ ಈ ಅಂಬೇಡ್ಕರ್ ಹೆಚ್ಚು ಹತ್ತಿರದವರು.

1891ರ ಏಪ್ರಿಲ್ 14ರಂದು ಮಧ್ಯಪ್ರದೇಶದ ಮಹೂದಲ್ಲಿ ಅವರು ಹುಟ್ಟಿದರು. ತಂದೆ ರಾಮಜಿ ಸಕ್ಪಾಲ್ ಸೈನ್ಯದಲ್ಲಿ ಸುಬೇದಾರರು. ಶಾಲೆಯಲ್ಲಿ ಬಾಲಕ ಭೀಮರಾವ್ ಗೋಣಿಚೀಲ ಹಾಸಿಕೊಂಡು ಬೇರೆ ಕೂಡಬೇಕಿತ್ತು. ಬಾಯಾರಿದರೂ ನೀರಿನ ಪಾತ್ರೆ ಮುಟ್ಟುವಂತಿರಲಿಲ್ಲ. ಮುಂದೆ ಬರೋಡಾ ಮಹಾರಾಜರ ವಿದ್ಯಾರ್ಥಿವೇತನದಿಂದ 1913ರಲ್ಲಿ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯ ಸೇರಿ ಅರ್ಥಶಾಸ್ತ್ರ ಓದಿದರು. 1917ರಲ್ಲಿ ಬರೋಡಾದಲ್ಲಿ ಅಧಿಕಾರಿಯಾದಾಗ ಜವಾನರು ಕಾಗದಪತ್ರಗಳನ್ನು ದೂರದಿಂದ ಎಸೆಯುತ್ತಿದ್ದರು. 1918ರಲ್ಲಿ ಮುಂಬೈಯ ಸಿಡೆನ್‌ಹ್ಯಾಮ್ ಕಾಮರ್ಸ್ ಕಾಲೇಜಿನಲ್ಲಿ ಪ್ರಾಧ್ಯಾಪಕರಾದರು. ಅಲ್ಲಿಯೂ ಒಂದೇ ಕೊಡದ ನೀರು ಕುಡಿಯಲು ಕೆಲವು ಸಹೋದ್ಯೋಗಿಗಳು ಆಕ್ಷೇಪಿಸಿದರು. ಹುದ್ದೆ ಒಂದೇ ಆದರೂ ಮನುಷ್ಯನಿಗೆ ಕೊಡುವ ಬೆಲೆ ಬೇರೆಯಾಗಬಹುದು ಎಂಬುದನ್ನು ಅವರು ಪುಸ್ತಕದಿಂದ ಕಲಿಯಬೇಕಾಗಲಿಲ್ಲ.

ಮುಂಬೈಯ ಬಟ್ಟೆ ಗಿರಣಿಗಳಲ್ಲೂ ಇದೇ ಕಥೆ. ಹೆಚ್ಚು ಕೂಲಿ ಸಿಗುವ ನೇಯ್ಗೆ ವಿಭಾಗಕ್ಕೆ ದಲಿತರನ್ನು ಸೇರಿಸುತ್ತಿರಲಿಲ್ಲ. ದಾರವನ್ನು ಬಾಯಿಂದ ಎಳೆದುಕೊಳ್ಳಬೇಕು, ಮೈಲಿಗೆಯಾಗುತ್ತದೆ ಎಂಬುದು ನೆಪ. 1928ರ ಗಿರಣಿ ಮುಷ್ಕರದ ಸಮಯದಲ್ಲಿ ಅಂಬೇಡ್ಕರ್ ಈ ಪ್ರಶ್ನೆಯನ್ನು ಕಾರ್ಮಿಕ ನಾಯಕರ ಮುಂದೆಯೇ ಇಟ್ಟರು. 1936ರಲ್ಲಿ ಸ್ವತಂತ್ರ ಕಾರ್ಮಿಕ ಪಕ್ಷ ಕಟ್ಟಿದರು. 1942ರಲ್ಲಿ ವೈಸರಾಯ್ ಮಂಡಳಿಯ ಕಾರ್ಮಿಕ ಸದಸ್ಯರಾದ ಮೇಲೆ ಧನಬಾದಿನ ಕಲ್ಲಿದ್ದಲು ಗಣಿಯೊಳಗೆ ಸ್ವತಃ ಇಳಿದು ಕಾರ್ಮಿಕರ ಸ್ಥಿತಿ ನೋಡಿದರು. 1946ರಲ್ಲಿ ಅವರು ಮಂಡಿಸಿದ ಕನಿಷ್ಠ ವೇತನ ಮಸೂದೆ 1948ರಲ್ಲಿ ಕಾಯ್ದೆಯಾಯಿತು.

ಅವರು ಅಧ್ಯಕ್ಷರಾಗಿದ್ದ ಕರಡು ಸಮಿತಿ ರೂಪಿಸಿದ ಸಂವಿಧಾನದ 39(ಡಿ) ವಿಧಿ, ಸಮಾನ ಕೆಲಸಕ್ಕೆ ಗಂಡಸರಿಗೂ ಹೆಂಗಸರಿಗೂ ಸಮಾನ ವೇತನ ಸಿಗುವಂತೆ ಸರ್ಕಾರ ನೋಡಿಕೊಳ್ಳಬೇಕು ಎನ್ನುತ್ತದೆ. ಇದು ನಿರ್ದೇಶಕ ತತ್ವ, ನೇರವಾಗಿ ಕೋರ್ಟಿನಲ್ಲಿ ಕೇಳಲು ಬರುವುದಿಲ್ಲ. ಹಾಗಾದರೂ ಇವನ್ನು ಕಡೆಗಣಿಸಿದ ಸರ್ಕಾರ ಚುನಾವಣೆಯಲ್ಲಿ ಮತದಾರರಿಗೆ ಉತ್ತರ ಕೊಡಬೇಕಾಗುತ್ತದೆ ಎಂದು ಅಂಬೇಡ್ಕರ್ ಸಂವಿಧಾನ ಸಭೆಯಲ್ಲಿ ವಾದಿಸಿದ್ದರು. 1956ರ ಡಿಸೆಂಬರ್ 6ರಂದು ಅವರು ತೀರಿಕೊಂಡರು.

ಆ ಸಾಲು ಮಾತ್ರ ಸುಮ್ಮನೆ ಕೂಡಲಿಲ್ಲ. 1982ರಲ್ಲಿ ದೆಹಲಿ ಪೊಲೀಸ್ ಇಲಾಖೆಯ ಚಾಲಕರೊಬ್ಬರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಸಮಾನತೆಯ ಮೂಲಭೂತ ಹಕ್ಕಿನ ಜೊತೆ ಸೇರಿಸಿ ಓದಿತು. 1990ರಲ್ಲಿ ನಮ್ಮದೇ ಧಾರವಾಡ ಜಿಲ್ಲೆಯ ಲೋಕೋಪಯೋಗಿ ಇಲಾಖೆಯ ದಿನಗೂಲಿ ನೌಕರರ ಸಂಘ ಅದೇ ಕೋರ್ಟಿನಲ್ಲಿ ಗೆದ್ದಿತು. ದಿನಗೂಲಿಗಳನ್ನು ಹಂತಹಂತವಾಗಿ ಕಾಯಂ ಮಾಡುವ ಯೋಜನೆಗೆ ಆದೇಶವಾಯಿತು. 2006ರಲ್ಲಿ ಕರ್ನಾಟಕದ ಉಮಾದೇವಿ ಪ್ರಕರಣದಲ್ಲಿ, ಬಹಳ ವರ್ಷ ದುಡಿದ ಮಾತ್ರಕ್ಕೆ ಕಾಯಮಾತಿ ಹಕ್ಕಾಗುವುದಿಲ್ಲ ಎಂದು ತೀರ್ಪು ಬಂತು. ಆದರೆ 2016ರಲ್ಲಿ, ಕಾಯಂ ನೌಕರರ ಕೆಲಸವನ್ನೇ ಮಾಡುವ ತಾತ್ಕಾಲಿಕ ನೌಕರರಿಗೆ ಆ ಹುದ್ದೆಯ ವೇತನಶ್ರೇಣಿಯ ಕನಿಷ್ಠ ಸಂಬಳವಾದರೂ ಸಿಗಬೇಕು ಎಂದು ಕೋರ್ಟ್ ಹೇಳಿತು. ಕಾಯಮಾತಿಯೇ ಬೇರೆ, ಸಮಾನ ವೇತನವೇ ಬೇರೆ ಎಂಬುದು ನನಗೆ ತಿಳಿದದ್ದು ಇಲ್ಲಿಂದ.

ಭೀಮಾ ದಂಡೆಯ ನಮ್ಮ ದೇವಣಗಾಂವದಲ್ಲಿ ನನ್ನ ಮಾಮೂ ಒಂದು ಕಚೇರಿಯಲ್ಲಿ ದಿನಗೂಲಿ. ಪಕ್ಕದ ಕುರ್ಚಿಯ ಕಾಯಂ ನೌಕರರು ಬರೆಯುವ ರಿಜಿಸ್ಟರನ್ನೇ ಅವರೂ ಬರೆಯುತ್ತಾರೆ. ಅವರಿಗೆ ತಿಂಗಳ ಸಂಬಳ, ಇವರಿಗೆ ಹಾಜರಿ ಎಣಿಸಿ ಕೂಲಿ. ಈದ್ ದಿನ ರಜೆ ಇಬ್ಬರಿಗೂ ಇದೆ, ಕೂಲಿ ಕಡಿತ ಮಾತ್ರ ಮಾಮೂಗೆ. ಲೆಕ್ಕಶಾಸ್ತ್ರದಲ್ಲಿ ನಾವು ಎರಡೂ ಬದಿ ಸರಿಹೊಂದಬೇಕು ಎಂದು ಕಲಿಯುತ್ತೇವೆ. ಇಲ್ಲಿ ಕೆಲಸದ ಬದಿ ಒಂದೇ, ಹಣದ ಬದಿ ಬೇರೆ.

ಗೆಳೆಯರೇ, ನಮ್ಮಲ್ಲಿ ಹಲವರ ಮನೆಯಲ್ಲಿ ದಿನಗೂಲಿಯವರಿದ್ದಾರೆ. ಅಂಬೇಡ್ಕರ್ ಜಯಂತಿಯ ದಿನ ಫೋಟೋಕ್ಕೆ ಹಾರ ಹಾಕಿದ ಮೇಲೆ 39(ಡಿ) ವಿಧಿಯನ್ನು ಅವರಿಗೆ ಒಮ್ಮೆ ಓದಿ ಹೇಳೋಣ. ಹಕ್ಕು ಕೇಳಬೇಕಾದರೆ ಮೊದಲು ಅದು ಇದೆ ಎಂಬುದು ಗೊತ್ತಿರಬೇಕಲ್ಲ.