ಬಸ್ ಸ್ಟಾಪಿಗೆ ಹೆಸರಾದ ಪಾದ್ರಿ

ಮಂಗಳೂರಿನ ಸಿಟಿ ಬಸ್ಸಿನಲ್ಲಿ ಕೂತು ‘ಮುಲ್ಲರ್’ ಅಂದರೆ ಸಾಕು, ಕಂಡಕ್ಟರ್ ಕಂಕನಾಡಿಗೆ ಟಿಕೆಟ್ ಕೊಡುತ್ತಾನೆ. ಮುಲ್ಲರ್ ಅಂದರೆ ಏನು ಅಂತ ಕೇಳಿ ನೋಡಿ. ಆಸ್ಪತ್ರೆ ಅಂತಾರೆ. ಆಸ್ಪತ್ರೆ ಆಮೇಲಿನದು ಸ್ವಾಮಿ, ಮೊದಲು ಅದೊಬ್ಬ ಮನುಷ್ಯನ ಹೆಸರು.

ಅಗಸ್ಟಸ್ ಮುಲ್ಲರ್ ಹುಟ್ಟಿದ್ದು 1841ರಲ್ಲಿ, ಜರ್ಮನಿಯ ವೆಸ್ಟ್‌ಫಾಲಿಯಾದಲ್ಲಿ. ಯೇಸುಸಭೆಯ ಪಾದ್ರಿ. 1878ರ ಡಿಸೆಂಬರ್ ಕೊನೆಯ ದಿನ ಮಂಗಳೂರಿಗೆ ಬಂದಿಳಿದ ತಂಡದಲ್ಲಿ ಇವರೂ ಒಬ್ಬರು. 1880ರಲ್ಲಿ ಶುರುವಾದ ಸಂತ ಅಲೋಶಿಯಸ್ ಕಾಲೇಜಿನಲ್ಲಿ ಪಾಠ ಹೇಳುವುದು ಅವರ ಕೆಲಸ. ಹೋಮಿಯೋಪತಿಯೂ ಗೊತ್ತಿತ್ತು. ಹುಡುಗರಿಗೆ ಹುಷಾರಿಲ್ಲ ಅಂದರೆ ಗುಳಿಗೆ ಕೊಡುತ್ತಿದ್ದರು. ಸುದ್ದಿ ಹಬ್ಬಿತು. ಅದೇ ವರ್ಷ ಕಂಕನಾಡಿಯ ಆಲದ ಮರದಡಿ ಬಡವರಿಗೆ ಮದ್ದು ಕೊಡಲು ಕೂತರು. ಇವತ್ತಿನ ದೊಡ್ಡ ಕಟ್ಟಡಗಳಿಗೆಲ್ಲ ಆ ಮರದ ಬುಡವೇ ಮೂಲ.

ಗುಳಿಗೆ ಕೊಡುವುದು ಸುಲಭ. ಕಷ್ಟದ ಕೆಲಸ ಮುಂದಿತ್ತು. ಕುಷ್ಠರೋಗ ಬಂದವರನ್ನು ಆಗ ಮನೆಯವರೇ ಹೊರಗೆ ಹಾಕುತ್ತಿದ್ದರು. ಊರವರು ಹತ್ತಿರ ಸೇರಿಸುತ್ತಿರಲಿಲ್ಲ. ರೋಗಾಣುವನ್ನು ನಾರ್ವೆಯ ಹ್ಯಾನ್ಸನ್ 1873ರಲ್ಲೇ ಕಂಡುಹಿಡಿದಿದ್ದರೂ ಗುಣಪಡಿಸುವ ಮದ್ದು ಯಾರ ಹತ್ತಿರವೂ ಇರಲಿಲ್ಲ. ಮುಲ್ಲರ್ ಹತ್ತಿರವೂ ಇರಲಿಲ್ಲ. ಆದರೂ ಕಂಕನಾಡಿಯಲ್ಲಿ ಅವರಿಗೊಂದು ಆಶ್ರಯ ಕಟ್ಟಿದರು. ಗುಣವಾಗದವರಿಗೆ ಒಂದು ಸೂರು, ಊಟ, ಶುಶ್ರೂಷೆ!

ಯಾಕೆ ಬೇಕಿತ್ತು? ಹಸಿದವನಿಗೆ ಅನ್ನ ಕೊಟ್ಟರೆ, ರೋಗಿಯನ್ನು ವಿಚಾರಿಸಿದರೆ ಅದು ತನಗೇ ಮಾಡಿದ ಹಾಗೆ ಅಂತ ಯೇಸು ಕಲಿಸಿದ್ದು ಬೈಬಲ್ಲಿನಲ್ಲಿದೆ. ಭಾನುವಾರ ಪೂಜೆಯಲ್ಲಿ ಅದನ್ನು ಕೇಳಿ ಮನೆಗೆ ಹೋಗುವವರು ಬಹಳ ಮಂದಿ. ಈ ಪಾದ್ರಿ ಅದನ್ನು ಸೋಮವಾರವೂ ನಂಬಿದರು, ಅಷ್ಟೇ.

ದುಡ್ಡಿನ ಲೆಕ್ಕ ನಮ್ಮ ಅಂಗಡಿಯವರು ಕೇಳಬೇಕು. ಬರೀ ದಾನ ನಂಬಿ ಕೂತರೆ ಇಂಥ ಕೆಲಸ ನಡೆಯದು. ಮುಲ್ಲರ್ ಹೋಮಿಯೋಪತಿ ಔಷಧಗಳನ್ನು ಅಂಚೆಯ ಮೂಲಕ ದೂರದೂರದ ಊರುಗಳಿಗೆ ಮಾರಿದರು. ವ್ಯಾಪಾರ ಚೆನ್ನಾಗಿ ನಡೆಯಿತು. ಬಂದ ಲಾಭ ಕಂಕನಾಡಿಯ ಬಡರೋಗಿಗಳಿಗೆ ಹೋಯಿತು. ಲಾಭ ಮಾಡುವುದು ತಪ್ಪಲ್ಲ, ಅದು ಎಲ್ಲಿ ಹೋಗಿ ಸೇರುತ್ತದೆ ಅನ್ನುವುದೇ ಮುಖ್ಯ.

1902ರಲ್ಲಿ ಪ್ಲೇಗು ಬಂತು. ಪ್ಲೇಗು ಅಂದರೆ ಜನ ಮನೆ ಬಿಟ್ಟು ಓಡುತ್ತಿದ್ದ ಕಾಲ. ಮುಲ್ಲರ್‌ಗೆ ಆಗ ಅರವತ್ತು ದಾಟಿತ್ತು. ಓಡಲಿಲ್ಲ. ಪ್ಲೇಗು ರೋಗಿಗಳಿಗೂ ಒಂದು ಆಸ್ಪತ್ರೆ ಮಾಡಿದರು. 1910ರ ನವೆಂಬರ್ 1ರಂದು ತೀರಿಕೊಂಡರು. ಬಂದು ಮೂವತ್ತೆರಡು ವರ್ಷವೂ ತುಂಬಿರಲಿಲ್ಲ.

ಈಗ ಕುಷ್ಠಕ್ಕೆ ಮದ್ದಿದೆ. ಸರಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಸಿಗುತ್ತದೆ. ಸರಿಯಾಗಿ ತಿಂದರೆ ರೋಗ ವಾಸಿ, ಇನ್ನೊಬ್ಬರಿಗೆ ಹರಡುವುದೂ ಇಲ್ಲ. ಹೀಗಿದ್ದೂ ಬಸ್ಸಿನಲ್ಲಿ ಮೊಂಡು ಬೆರಳಿನ ಕೈಯೊಂದು ಕಂಬಿ ಹಿಡಿದರೆ ಪಕ್ಕದವರು ಸರಿದು ನಿಲ್ಲುತ್ತಾರೆ. ಮದ್ದೇ ಇಲ್ಲದ ಕಾಲದಲ್ಲಿ ಆ ಪಾದ್ರಿ ಸರಿಯಲಿಲ್ಲ. ಮದ್ದಿರುವ ಕಾಲದಲ್ಲಿ ನಾವು ಸರಿಯುತ್ತೇವೆ.

ಮುಂದಿನ ಸಲ ‘ಮುಲ್ಲರ್’ ಅಂತ ಟಿಕೆಟ್ ತೆಗೆಯುವಾಗ ಇದೊಂದು ನೆನಪಿರಲಿ. ಹಾಗೆಯೇ, ಪಕ್ಕದ ಸೀಟಿನಲ್ಲಿ ಯಾರೇ ಬಂದು ಕೂತರೂ ಏಳಬೇಡಿ.