ರಜೆಗೆ ಬಂದ ಕಾಫಿದೊರೆ ಹುಲ್ಲಿನ ಮೇಲೆ ಗೆದ್ದ ಕತೆ

1878ರ ಬೇಸಗೆಯಲ್ಲಿ ಸಿಲೋನಿನ ತರುಣ ಕಾಫಿ ತೋಟಗಾರನೊಬ್ಬ ರಜೆಯ ಮೇಲೆ ಇಂಗ್ಲೆಂಡಿಗೆ ಬಂದಿದ್ದ. ಹೆಸರು ಪ್ಯಾಟ್ರಿಕ್ ಫ್ರಾನ್ಸಿಸ್ ಹ್ಯಾಡೋ. ಬಳಗದವರ ಬಾಯಲ್ಲಿ ಫ್ರಾಂಕ್. ವಯಸ್ಸು 23. ಆ ರಜೆಯಲ್ಲಿ ಆತ ವಿಂಬಲ್ಡನ್ ಟೆನಿಸ್ ಪಂದ್ಯಾಟಕ್ಕೆ ಹೆಸರು ಕೊಟ್ಟ, ಒಂದು ಸೆಟ್ಟನ್ನೂ ಸೋಲದೆ ಚಾಂಪಿಯನ್ ಆದ, ಆಮೇಲೆ ಹಡಗು ಹತ್ತಿ ತನ್ನ ತೋಟಕ್ಕೆ ಹಿಂತಿರುಗಿದ. ಮರುವರ್ಷ ಪದವಿಯನ್ನು ಉಳಿಸಿಕೊಳ್ಳಲೂ ಬರಲಿಲ್ಲ. ವಿಂಬಲ್ಡನ್ ಎಂದೊಡನೆ ಕೋಟಿಗಟ್ಟಲೆ ಬಹುಮಾನವನ್ನು ನೆನೆಯುವ ನಮ್ಮ ಮಕ್ಕಳಿಗೆ ಇದು ಕಟ್ಟುಕತೆಯೆಂದು ತೋರೀತು. ಆದರೆ ಆ ಪಂದ್ಯಾಟದ ಎರಡನೆಯ ಚಾಂಪಿಯನ್ನನ ಚರಿತ್ರೆ ಇದೇ.

ಹ್ಯಾಡೋ ಹುಟ್ಟಿದ್ದು 1855ರಲ್ಲಿ, ಲಂಡನ್ನಿನಲ್ಲಿ. ಓದಿದ್ದು ಹ್ಯಾರೋ ಶಾಲೆಯಲ್ಲಿ. ಮನೆತುಂಬ ಆಟಗಾರರೇ. ಅಣ್ಣ ವಾಲ್ಟರ್ ಮಿಡ್ಲ್‌ಸೆಕ್ಸ್ ತಂಡದ ಪರವಾಗಿ ಕ್ರಿಕೆಟ್ ಆಡಿ ಹೆಸರು ಮಾಡಿದವನು. ಆ ಕಾಲದ ಅನುಕೂಲಸ್ಥ ಮನೆಗಳ ಕಿರಿಯ ಮಕ್ಕಳು ಸೈನ್ಯಕ್ಕೋ ಪಾದ್ರಿ ವೃತ್ತಿಗೋ ತೋಟಗಾರಿಕೆಗೋ ಹೊರಟು ಹೋಗುವುದು ವಾಡಿಕೆ. ಫ್ರಾಂಕ್ ಸಿಲೋನಿನ, ಎಂದರೆ ಇಂದಿನ ಶ್ರೀಲಂಕೆಯ, ಕಾಫಿ ತೋಟಗಳ ದಾರಿ ಹಿಡಿದ.

ಈತನ ಗೆಲುವು ತಿಳಿಯಬೇಕಾದರೆ ಹುಲ್ಲಿನ ಅಂಕಣದ ಗುಣ ತಿಳಿಯಬೇಕು. ನಮ್ಮ ಕಾಸರಗೋಡಿನ ಶಾಲಾ ಮೈದಾನಗಳು ಹೆಚ್ಚಿನವೂ ಮುರಕಲ್ಲಿನ ನೆಲ. ಚೆಂಡು ಬಿದ್ದರೆ ಎದೆಮಟ್ಟ ಏಳುತ್ತದೆ. ಹುಲ್ಲಿನ ಮೇಲೆ ಹಾಗಲ್ಲ. ಕೆಲವು ವರ್ಷಗಳ ಹಿಂದೆ ನಾವು ಮಕ್ಕಳನ್ನು ನೀಲಗಿರಿಗೆ ಪ್ರವಾಸ ಕರೆದುಕೊಂಡು ಹೋಗಿದ್ದಾಗ ಕೋತಗಿರಿಯಿಂದ ಮುಂದೆ ಕೀಳ್ ಕೋತಗಿರಿಯ ತನಕ ಹೋಗಿದ್ದೆವು. ಕೀಳ್ ಎಂಬುದು ಅಲ್ಲಿಯವರಿಗೂ ಕೆಳಗಿನದೇ, ನಮ್ಮ ಹಳಗನ್ನಡಕ್ಕೂ ಕೆಳಗಿನದೇ. ಬಡಗರು ತಮ್ಮೊಳಗೆ ಆಡುವ ಮಾತು ಅರ್ಧಕ್ಕರ್ಧ ತಿಳಿಯುತ್ತದೆಂದು ಮಕ್ಕಳಿಗೆ ಆದ ಸಂಭ್ರಮ ಬೇರೆಯೇ ಕತೆ. ಚಹಾ ತೋಟದ ಅಂಚಿನಲ್ಲಿ ಬಸ್ಸು ನಿಂತಿತು. ಹುಡುಗರು ಕ್ರಿಕೆಟ್ಟಿಗೆಂದು ತಂದಿದ್ದ ಟೆನಿಸ್ ಚೆಂಡನ್ನು ಮೊದಲು ಡಾಮರು ರಸ್ತೆಯ ಮೇಲೂ ಬಳಿಕ ಮಂಜಿನಿಂದ ಒದ್ದೆಯಾದ ಹುಲ್ಲಿನ ಮೇಲೂ ಬೀಳಿಸಿ ನೋಡಲು ಹೇಳಿದೆವು. ಡಾಮರಿನ ಮೇಲೆ ಸೊಂಟದವರೆಗೆ ಎದ್ದ ಚೆಂಡು ಹುಲ್ಲಿನ ಮೇಲೆ ಮೊಣಕಾಲಿಗೂ ಬರಲಿಲ್ಲ. ಓರೆಯಾಗಿ ಎಸೆದಾಗ ಪುಟಿಯುವ ಬದಲು ಜಾರಿಕೊಂಡು ಓಡಿತು. ಅಂಕಣದ ಹುಲ್ಲು ಕತ್ತರಿಸಿ ಉರುಳೆ ಹೊಡೆದದ್ದು, ಇಷ್ಟು ಮೆತ್ತಗಲ್ಲ. ಆದರೂ ಗುಣ ಇದೇ. ಹುಲ್ಲು ಚೆಂಡಿನ ವೇಗವನ್ನು ಹೆಚ್ಚು ತಡೆಯುವುದಿಲ್ಲ, ಮೇಲಕ್ಕೂ ಏಳಿಸುವುದಿಲ್ಲ. ಸವೆದ ಕಡೆ ಬಿದ್ದ ಚೆಂಡು ಎತ್ತ ಹೋಗುವುದೆಂದು ಹೇಳಲೂ ಬಾರದು. ಆದುದರಿಂದ ಹುಲ್ಲಿನ ಮೇಲೆ ಆಡುವವನಿಗೆ ಒಂದು ಉಪಾಯ ತಾನಾಗಿ ಹೊಳೆಯುತ್ತದೆ: ಚೆಂಡು ನೆಲ ಮುಟ್ಟುವ ಮುನ್ನವೇ ಹೊಡೆದುಬಿಡುವುದು. ಟೆನಿಸಿನಲ್ಲಿ ಇದಕ್ಕೆ ವಾಲಿ ಎನ್ನುತ್ತಾರೆ.

ಈ ಉಪಾಯವನ್ನು ಮೊದಲು ಆಯುಧವಾಗಿ ಬಳಸಿದವನು ಸ್ಪೆನ್ಸರ್ ಗೋರ್. ಈತನೂ ಹ್ಯಾರೋ ಶಾಲೆಯವನೇ, ಹ್ಯಾಡೋಗಿಂತ ಐದು ವರ್ಷ ಹಿರಿಯ. 1877ರಲ್ಲಿ ವಿಂಬಲ್ಡನ್ನಿನ ಕ್ರೋಕೆ ಕ್ಲಬ್ಬಿನವರು ವರ್ಪಲ್ ರಸ್ತೆಯ ತಮ್ಮ ಹುಲ್ಲುಗಾವಲಿನಲ್ಲಿ ಮೊದಲ ಪಂದ್ಯಾಟ ಏರ್ಪಡಿಸಿದರು. ಹುಲ್ಲು ಸಮ ಮಾಡಲು ಕುದುರೆ ಎಳೆಯುತ್ತಿದ್ದ ಉರುಳೆ ಕೆಟ್ಟಿತ್ತು, ಅದರ ರಿಪೇರಿಗೆ ಹಣ ಬೇಕಾಗಿತ್ತು ಎನ್ನುತ್ತಾರೆ. ಹಿಮ್ಮಡಿಯಿಲ್ಲದ ಜೋಡು ಹಾಕಿ ಬರಬೇಕೆಂದು ಆಟಗಾರರಿಗೆ ಸೂಚನೆಯಿತ್ತು, ಹುಲ್ಲಿಗೆ ಗಾಯವಾಗಬಾರದಲ್ಲ. 22 ಮಂದಿ ಹೆಸರು ಕೊಟ್ಟರು. ಅಂತಿಮ ಪಂದ್ಯ ನೋಡಲು ಒಂದು ಶಿಲಿಂಗ್ ಕೊಟ್ಟು ಬಂದವರು 200ರಷ್ಟು ಮಂದಿ.

ಆಗಿನ ಬಲೆ ಇಂದಿನದರಂತಿರಲಿಲ್ಲ. ಎರಡು ಕಂಬಗಳ ಬಳಿ 5 ಅಡಿ ಎತ್ತರ, ನಡುವೆ ಜೋತು 3 ಅಡಿ 3 ಅಂಗುಲ. ಅಂಚಿನಲ್ಲಿ ಅಷ್ಟು ಎತ್ತರದ ಬಲೆಯ ಮೇಲಿಂದ ನೇರ ಗೆರೆಗುಂಟ ಹೊಡೆಯುವುದು ಕಷ್ಟ. ಆದ್ದರಿಂದ ಎಲ್ಲರೂ ನಡುವಿನ ತಗ್ಗಿನ ಮೇಲಿಂದಲೇ ಓರೆಯಾಗಿ ಹೊಡೆಯುತ್ತಿದ್ದರು. ಗೋರ್ ಇದನ್ನು ಕಂಡುಕೊಂಡ. ಬೇರೆಯವರು ಹಿಂದಿನ ಗೆರೆಯಲ್ಲಿ ನಿಂತು ಚೆಂಡು ಪುಟಿಯಲೆಂದು ಕಾಯುತ್ತಿದ್ದರೆ ಈತ ನೇರವಾಗಿ ಬಲೆಯ ನಡುವಿಗೆ ನುಗ್ಗಿ ಬರುವ ಚೆಂಡನ್ನೆಲ್ಲ ಗಾಳಿಯಲ್ಲೇ ತಡೆದು ಎಡಕ್ಕೊಮ್ಮೆ ಬಲಕ್ಕೊಮ್ಮೆ ತಳ್ಳುತ್ತಿದ್ದ. ಕೆಲವೊಮ್ಮೆ ಬಲೆಯಾಚೆಗೂ ಕೈಚಾಚಿ ಹೊಡೆಯುತ್ತಿದ್ದ. ಅದನ್ನು ನಿಯಮ ನಿಷೇಧಿಸಿದ್ದು ಆಮೇಲೆ. ಅಂತಿಮ ಪಂದ್ಯದಲ್ಲಿ ವಿಲಿಯಂ ಮಾರ್ಷಲ್ 6-1, 6-2, 6-4ರಿಂದ ಸೋತುಹೋದ.

1878ರಲ್ಲಿ ಬಲೆಯನ್ನು ಸ್ವಲ್ಪ ಇಳಿಸಿದರು: ಕಂಬದ ಬಳಿ 4 ಅಡಿ 9 ಅಂಗುಲ, ನಡುವೆ 3 ಅಡಿ. ಗೋರನ ಉಪಾಯಕ್ಕೆ ಅದರಿಂದ ಭಂಗವೇನೂ ಬರುವಂತಿರಲಿಲ್ಲ. ಆಗಿನ ಪದ್ಧತಿಯಂತೆ ಹಿಂದಿನ ವರ್ಷದ ಚಾಂಪಿಯನ್ ಮೊದಲ ಸುತ್ತುಗಳಲ್ಲಿ ಆಡಬೇಕಾಗಿಲ್ಲ; ಉಳಿದವರಲ್ಲಿ ಗೆದ್ದವನು ಕೊನೆಗೆ ಆತನಿಗೆ ಸವಾಲು ಹಾಕಬೇಕು. ಈ ಸಲ ಹೆಸರು ಕೊಟ್ಟವರು 34. ಅವರೊಳಗಿಂದ ಸಿಲೋನಿನ ತೋಟಗಾರ ಒಬ್ಬೊಬ್ಬರನ್ನಾಗಿ ದಾಟುತ್ತ ಬಂದ. ಕೊನೆಯಲ್ಲಿ ರಾಬರ್ಟ್ ಅರ್ಸ್ಕಿನ್‌ನನ್ನು ಮೂರು ಸೆಟ್ಟಿನಲ್ಲೂ 6-4ರಿಂದ ಸೋಲಿಸಿ ಗೋರನ ಎದುರು ನಿಂತ.

ಬಲೆಗೆ ಅಂಟಿಕೊಂಡು ನಿಂತ ಎದುರಾಳಿಯ ಎಡದಲ್ಲೂ ಬಲದಲ್ಲೂ ಚೆಂಡು ದಾಟಿಸಲು ಜಾಗವಿಲ್ಲ. ಇನ್ನಷ್ಟು ಬಿರುಸಾಗಿ ಹೊಡೆದರೆ ಅಷ್ಟೇ ಬಿರುಸಾಗಿ ಹಿಂದೆ ಬರುತ್ತದೆ. ಆದರೆ ಆತನ ಬೆನ್ನ ಹಿಂದೆ ಗೆರೆಯವರೆಗೆ 39 ಅಡಿ ಹುಲ್ಲು ಬರಿದಾಗಿ ಬಿದ್ದಿದೆ. ಅಲ್ಲಿಗೆ ಹೋಗುವ ದಾರಿ ಒಂದೇ, ತಲೆಯ ಮೇಲಿಂದ. ಹ್ಯಾಡೋ ಚೆಂಡನ್ನು ಮೆಲ್ಲನೆ, ಎತ್ತರಕ್ಕೆ, ಗೋರನ ಕೈಗೆ ಎಟುಕದಂತೆ ಎತ್ತಿ ಹಾಕತೊಡಗಿದ. ಲಾಬ್ ಎಂದು ಇಂದು ಕರೆಯುವ ಈ ಹೊಡೆತವನ್ನು ದೊಡ್ಡ ಪಂದ್ಯದಲ್ಲಿ ಉಪಾಯವಾಗಿ ಬಳಸಿದವರಲ್ಲಿ ಮೊದಲಿಗನೆಂಬ ಹೆಸರು ಆತನದು. ವಾಲಿಬಾಲ್ ಕಂಡ ನಮ್ಮ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬ್ಲಾಕಿಗೆ ಎದ್ದು ನಿಂತ ಎರಡು ಜೊತೆ ಕೈಗಳ ಮೇಲಿಂದ ಬೆರಳ ತುದಿಯಲ್ಲಿ ಚೆಂಡು ಹಾಕುವ ಜಾಣ ಹುಡುಗ ಪ್ರತಿ ಊರಿನ ತಂಡದಲ್ಲೂ ಒಬ್ಬನಿರುತ್ತಾನೆ.

ಗೋರ್ ಈಗ ಹುಲ್ಲಿನ ಮೇಲೆ ತಿರುಗಿ ಹಿಂದಕ್ಕೆ ಓಡಬೇಕು. ಓಡಿ ಮುಟ್ಟಿದರೂ ಮುಖ ಅಂಕಣದ ಹೊರಗೆ. ಬಲವಾದ ಹೊಡೆತ ಬರುವಂತಿಲ್ಲ. ಓಡದೆ ಹಿಂದೆಯೇ ನಿಂತರೆ ಆತನ ಶಕ್ತಿಯೇ ಹೋಯಿತು. ಮೊದಲ ಸೆಟ್ 7-5, ಎರಡನೆಯದು 6-1. ಮೂರನೆಯದರಲ್ಲಿ ಗೋರ್ ಸುಲಭಕ್ಕೆ ಬಿಡಲಿಲ್ಲ, 9-7ರ ತನಕ ಎಳೆದ. ಆದರೂ ಗೆದ್ದದ್ದು ಹ್ಯಾಡೋ. ನಮಗೆ ಇದರಲ್ಲಿ ಮೆಚ್ಚುಗೆಯಾಗುವುದು ತೋಳಿನ ಬಲವಲ್ಲ, ಎದುರಾಳಿ ಎಲ್ಲಿ ನಿಂತಿಲ್ಲ ಎಂಬುದನ್ನು ನೋಡಿದ ಕಣ್ಣು.

ಇಬ್ಬರಿಗೂ ಈ ಆಟದ ಮೇಲೆ ದೊಡ್ಡ ಗೌರವವಿರಲಿಲ್ಲ ಎಂಬುದು ತಮಾಷೆಯ ಸಂಗತಿ. ಕ್ರಿಕೆಟ್ ಬಲ್ಲವನು ಇದಕ್ಕೆ ಅಂಟಿಕೊಳ್ಳಲಾರನೆಂದು ಗೋರ್ ಬರೆದಿಟ್ಟಿದ್ದಾನೆ. ಹ್ಯಾಡೋವಿನ ದೃಷ್ಟಿಯಲ್ಲೂ ಇದು ಮೆತ್ತನೆಯ ಚೆಂಡಿನ ಮೆತ್ತನೆಯ ಆಟ.

ಹ್ಯಾಡೋ ಮರಳಿ ಹೋದ ತೋಟಗಳ ಸ್ಥಿತಿ ಆಗ ಮೆತ್ತನೆಯದಾಗಿರಲಿಲ್ಲ. 1869ರಲ್ಲೇ ಸಿಲೋನಿನ ಕಾಫಿಗೆ ಎಲೆರೋಗ ತಗಲಿತ್ತು. ಎಲೆಯಡಿಯಲ್ಲಿ ಕಿತ್ತಳೆ ಬಣ್ಣದ ಹುಡಿ, ಬಳಿಕ ಎಲೆ ಉದುರಿ ಬೋಳು ಗಿಡ. ಅಡಿಕೆಯ ಕೊಳೆರೋಗ ಬೇರೆ, ಇದು ಬೇರೆ. ಆದರೆ ಮಳೆಗಾಲದಲ್ಲಿ ತೋಟಕ್ಕೆ ಇಳಿದು ಮೇಲೆ ನೋಡುವ ನಮ್ಮವರ ಎದೆಗುದಿ ಆ ತೋಟಗಾರರದೂ ಆಗಿತ್ತು. ನಾವು ಹೊಡೆಯುವ ಮೈಲುತುತ್ತು-ಸುಣ್ಣದ ದ್ರಾವಣದ ಗುಣ ಫ್ರಾನ್ಸಿನಿಂದ ಲೋಕಕ್ಕೆ ತಿಳಿದದ್ದು 1885ರಲ್ಲಿ. ಅಷ್ಟರಲ್ಲಿ ಸಿಲೋನಿನ ಕಾಫಿ ಮುಗಿದಂತೆಯೇ ಆಗಿತ್ತು. ಜೇಮ್ಸ್ ಟೇಲರ್ ಎಂಬಾತ 1867ರಲ್ಲಿ 19 ಎಕ್ರೆಯಲ್ಲಿ ಹಾಕಿದ್ದ ಚಹಾ ಗಿಡವೇ ಉಳಿದವರಿಗೆ ದಾರಿಯಾಯಿತು. ಹ್ಯಾಡೋ ಗೆದ್ದ ವರ್ಷ ರೋಗಕ್ಕೆ ಒಂಬತ್ತು ವರ್ಷ ತುಂಬಿತ್ತು. ಒಂದು ಬಟ್ಟಲನ್ನು ಉಳಿಸಿಕೊಳ್ಳಲೆಂದು ಮತ್ತೆ ಹಡಗು ಹತ್ತುವ ಕಾಲ ಅದಲ್ಲವೆಂದೇ ನಮಗೆ ತೋರುತ್ತದೆ. 1879ರಲ್ಲಿ ಆತ ಬಾರದ ಕಾರಣ ಆಟವಿಲ್ಲದೆಯೇ ಪದವಿ ಜಾನ್ ಹಾರ್ಟ್ಲಿ ಎಂಬ ಪಾದ್ರಿಗೆ ಹೋಯಿತು.

ಕೀಳ್ ಕೋತಗಿರಿಯ ಗುಡ್ಡಗಳ ಕತೆಯೂ ಇದೇ ಬಳ್ಳಿಯದು. ಕೋತಗಿರಿಯ ಸುತ್ತ ಕಾಫಿ ಹಾಕಿದವರಲ್ಲಿ ಸೇಲಂನ ಕಲೆಕ್ಟರನಾಗಿದ್ದ ಎಂ. ಡಿ. ಕಾಕ್‌ಬರ್ನ್ ಮೊದಲಿಗ, ಆತನ ಮಗಳು 1863ರಲ್ಲಿ ಅಲ್ಲಿ ಚಹಾ ತೋಟ ತೆರೆದಳು. ಅಲ್ಲೂ ಕಾಫಿ ಹಿಂದೆ ಸರಿದು ಚಹಾ ಗುಡ್ಡ ತುಂಬಿತು. ಸಿಲೋನಿಗೂ ಈ ಗುಡ್ಡಗಳಿಗೂ ಇನ್ನೊಂದು ನಂಟಿದೆ. ಹ್ಯಾಡೋವಿನಂಥ ದೊರೆಗಳ ತೋಟಗಳಲ್ಲಿ ದುಡಿದವರು ಮದರಾಸು ಪ್ರಾಂತದಿಂದ ಹೋದ ತಮಿಳರು. ದೊರೆಗೆ ಊರಿಗೆ ಬರಲು ರಜೆಯಿತ್ತು. ಅವರ ಪಾಲಿಗೆ ಅಂಥದ್ದಿರಲಿಲ್ಲ. ತಲೆಮಾರುಗಳು ಅಲ್ಲೇ ಕಳೆದವು. 1948ರ ಕಾನೂನು ಅವರಲ್ಲಿ ಹೆಚ್ಚಿನವರನ್ನು ಯಾವ ದೇಶದ ಪ್ರಜೆಗಳೂ ಅಲ್ಲವೆಂದಿತು. 1964ರಲ್ಲಿ ಸಿರಿಮಾವೋ ಮತ್ತು ಶಾಸ್ತ್ರಿ ಮಾಡಿಕೊಂಡ ಒಪ್ಪಂದದಂತೆ 5,25,000 ಮಂದಿ ಭಾರತಕ್ಕೆ ಬರಬೇಕೆಂದಾಯಿತು. ಹಾಗೆ ಬಂದವರಿಗಾಗಿ 1968ರಿಂದ ತಮಿಳುನಾಡು ಸರಕಾರ ಎಬ್ಬಿಸಿದ ಚಹಾ ತೋಟಗಳು ನೀಲಗಿರಿಯಲ್ಲಿವೆ, ಕೋತಗಿರಿಯ ಬದಿಯಲ್ಲೂ ಇವೆ. ತಮ್ಮದೆಂದು ಹೇಳಿದ ನಾಡಿಗೆ ಬಂದೂ ಅಲ್ಲಿಯವರಿಗೆ ಹೊರಗಿನವರೇ ಆಗಿ ಅವರು ಬಹಳ ಕಾಲ ಬಾಳಿದರು. ಹ್ಯಾಡೋವಿನ ಚರಿತ್ರೆ ಬರೆಯುವವರು ಆ ರಜೆಯ ವೆಚ್ಚ ಯಾರ ಬೆವರಿನಿಂದ ಬಂತೆಂದು ಬರೆಯುವುದಿಲ್ಲ. ನಾವು ಇಷ್ಟಾದರೂ ಹೇಳಿ ಮುಂದೆ ಹೋಗೋಣ.

ಹ್ಯಾಡೋ ಹೋದರೂ ಆತನ ಹೊಡೆತ ಅಲ್ಲೇ ಉಳಿಯಿತು. ಕೆಲವು ವರ್ಷ ಬಲೆಗೆ ನುಗ್ಗಲು ಜನ ಹಿಂಜರಿದರು. ಪಾದ್ರಿ ಹಾರ್ಟ್ಲಿ ಹಿಂದಿನ ಗೆರೆಯಲ್ಲೇ ನಿಂತು ತಪ್ಪಿಲ್ಲದೆ ಹಿಂತಿರುಗಿಸುತ್ತಲೇ ಎರಡು ವರ್ಷ ಚಾಂಪಿಯನ್ ಆಗಿದ್ದ. ಇದಕ್ಕೂ ಮದ್ದು ಬಂತು. ವಿಲಿಯಂ ಮತ್ತು ಅರ್ನೆಸ್ಟ್ ರೆನ್ಶಾ ಎಂಬ ಅವಳಿ ಸೋದರರು ಬಲೆಗೆ ಅಂಟದೆ ಒಂದೆರಡು ಹೆಜ್ಜೆ ಹಿಂದೆ ನಿಂತು, ಎತ್ತಿ ಹಾಕಿದ ಚೆಂಡನ್ನು ತಲೆಯ ಮೇಲಿಂದಲೇ ಅಪ್ಪಳಿಸುವುದನ್ನು ರೂಢಿಸಿಕೊಂಡರು. 1881ರಲ್ಲಿ ವಿಲಿಯಂ ಹಾರ್ಟ್ಲಿಯನ್ನು 6-0, 6-1, 6-1ರಿಂದ ಸೋಲಿಸಿದ್ದು ನಲ್ವತ್ತು ನಿಮಿಷದೊಳಗೆ. ಆತ ಒಟ್ಟು ಏಳು ಸಲ ಗೆದ್ದ. ಪುರುಷರ ಸಿಂಗಲ್ಸಿನಲ್ಲಿ ಆ ಸಂಖ್ಯೆಯನ್ನು ದಾಟಲು 2017ರಲ್ಲಿ ಫೆಡರರ್ ಬರಬೇಕಾಯಿತು. ಹೀಗೆ ವಾಲಿಗೆ ಲಾಬ್, ಲಾಬಿಗೆ ಸ್ಮ್ಯಾಶ್ ಎಂದು ಹುಲ್ಲಿನ ಆಟದ ವ್ಯಾಕರಣ ನಾಲ್ಕೇ ವರ್ಷಗಳಲ್ಲಿ ಸಿದ್ಧವಾಯಿತು. 1960 ಮತ್ತು 1961ರಲ್ಲಿ ನಮ್ಮ ರಾಮನಾಥನ್ ಕೃಷ್ಣನ್ ಅದೇ ವಿಂಬಲ್ಡನ್ನಿನಲ್ಲಿ ಸೆಮಿಫೈನಲ್ ತಲುಪಿದ್ದೂ ಬಿರುಸಿನ ಸರ್ವಿಸಿನಿಂದಲ್ಲ, ಕೈಯ ನಯದಿಂದ. 2001ರಲ್ಲಿ ಅಲ್ಲಿಯ ಹುಲ್ಲಿನ ತಳಿಯನ್ನೇ ಬದಲಾಯಿಸಿದರು. ನೆಲ ಗಟ್ಟಿಯಾಯಿತು, ಚೆಂಡು ಹಿಂದಿಗಿಂತ ಮೇಲೇಳತೊಡಗಿತು. ಆಟಗಾರರು ಮತ್ತೆ ಹಿಂದಿನ ಗೆರೆಗೆ ಸರಿದರು. ಮರುವರ್ಷದ ಅಂತಿಮ ಪಂದ್ಯದಲ್ಲಿ ಆಡಿದ ಹ್ಯೂಯಿಟ್, ನಲ್ಬಂಡಿಯನ್ ಇಬ್ಬರೂ ಹಿಂದೆ ನಿಂತು ಆಡುವವರೇ.

ಹ್ಯಾಡೋ ದೀರ್ಘಾಯುಷಿ. 1926ರಲ್ಲಿ ಪಂದ್ಯಾಟದ ಐವತ್ತನೆಯ ವರ್ಷದ ಉತ್ಸವಕ್ಕೆ ಬದುಕಿದ್ದ ಹಳೆಯ ಚಾಂಪಿಯನ್ನರನ್ನೆಲ್ಲ ಕರೆಸಿದಾಗ ಅವರಲ್ಲಿ ಅತಿ ಹಳಬ ಆತನೇ. ಆಗ ವಯಸ್ಸು 71. ರಾಣಿ ಮೇರಿಯ ಕೈಯಿಂದ ಪದಕ ಪಡೆದ. ಆದರೆ ಆತ ನಿಂತದ್ದು ತಾನು ಎಂದೂ ಆಡದ ಅಂಕಣದಲ್ಲಿ, ಏಕೆಂದರೆ 1922ರಲ್ಲೇ ಕ್ಲಬ್ ಚರ್ಚ್ ರಸ್ತೆಯ ಹೊಸ ಜಾಗಕ್ಕೆ ಹೋಗಿತ್ತು. ಆತ ತೀರಿಕೊಂಡದ್ದು 1946ರಲ್ಲಿ, 91ನೆಯ ವಯಸ್ಸಿನಲ್ಲಿ. ಯುದ್ಧದಿಂದ ಆರು ವರ್ಷ ನಿಂತಿದ್ದ ವಿಂಬಲ್ಡನ್ ಪಂದ್ಯಾಟ ಮತ್ತೆ ಆರಂಭವಾದ ವರ್ಷ ಅದು. ಗೋರನ ತಲೆಯ ಮೇಲಿಂದ ಚೆಂಡು ಹಾರಿಸಿದ ವರ್ಪಲ್ ರಸ್ತೆಯ ಹುಲ್ಲುಗಾವಲು ಈಗ ಅಲ್ಲಿಯ ಹೆಣ್ಣುಮಕ್ಕಳ ಹೈಸ್ಕೂಲಿನ ಆಟದ ಬಯಲು.